‘ಸ್ವಲ್ಪ ನೋಡ್ಕೋ’: ವಾರ್ಡಿನಲ್ಲಿ ಕೆಲಸ ವಹಿಸುವುದನ್ನು ಕಲಿಸಲು ಹೋದ ಎರಡು ಪಾಠಗಳು

ಬೋಧನಾಭ್ಯಾಸದ ಎರಡನೆಯ ವಾರ ನನಗೆ ಜಿಎನ್‌ಎಂ ಮೂರನೇ ವರ್ಷದ ತರಗತಿ ಸಿಕ್ಕಿತು. ವಿಷಯ ಶುಶ್ರೂಷಾ ಆಡಳಿತ ಮತ್ತು ವಾರ್ಡ್ ನಿರ್ವಹಣೆ. ಪಾಠದ ಹೆಸರು ‘ಡೆಲಿಗೇಷನ್’, ಅಂದರೆ ಕೆಲಸ ವಹಿಸುವುದು. ಅವಧಿ 45 ನಿಮಿಷ. ಹನ್ನೊಂದು ವರ್ಷ ವಾರ್ಡಿನಲ್ಲಿ ದುಡಿದು ಬಂದವಳು ನಾನು. ಇಂಜೆಕ್ಷನ್ ಕೊಡುವುದನ್ನು ಕಲಿಸುವುದಕ್ಕಿಂತ ಇದು ಸುಲಭ ಎಂದೇ ಎಣಿಸಿದ್ದೆ. ಆ ಪಾಠವನ್ನು ಎರಡು ಸಲ ತೆಗೆದುಕೊಳ್ಳಬೇಕಾಯಿತು. ಮೊದಲನೆಯದು ಯಾಕೆ ಬಿತ್ತು, ಎರಡನೆಯದು ಎಷ್ಟರ ಮಟ್ಟಿಗೆ ನಿಂತಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ನರ್ಸಿಂಗ್ ಓದದ ಪ್ರಶಿಕ್ಷಣಾರ್ಥಿಗಳಿಗೂ ಇದು ದೂರದ ವಿಷಯ ಆಗಲಾರದು. ತರಗತಿಯ ನಾಯಕಿಗೆ ‘ನಾನು ಬರೋವರೆಗೂ ಸ್ವಲ್ಪ ನೋಡ್ಕೋಮ್ಮ’ ಎಂದು ಹೇಳಿ ಹೊರಗೆ ಹೋಗದ ಶಿಕ್ಷಕರು ನಮ್ಮಲ್ಲಿ ಯಾರಿದ್ದಾರೆ?

ಮೊದಲ ಪಾಠದ ಯೋಜನೆ ನೋಡಲು ಚೆನ್ನಾಗಿಯೇ ಇತ್ತು. ಸಾಮಾನ್ಯ ಉದ್ದೇಶ, ನಿರ್ದಿಷ್ಟ ಉದ್ದೇಶಗಳು, ಬೋಧನೋಪಕರಣ, ಮೌಲ್ಯಮಾಪನ ಎಲ್ಲವೂ ಅಂಕಣಗಳಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು. ಪೀಠಿಕೆಗೆ ‘ನಿಮ್ಮ ಮನೆಯ ಮದುವೆಯಲ್ಲಿ ಎಲ್ಲ ಕೆಲಸ ಒಬ್ಬರೇ ಮಾಡ್ತಾರಾ?’ ಎಂಬ ಪ್ರಶ್ನೆ. ಆಮೇಲೆ ಚಾರ್ಟ್: 1916ರಲ್ಲಿ ಹೆನ್ರಿ ಫೇಯೋಲ್ ಬರೆದ ಹದಿನಾಲ್ಕು ತತ್ತ್ವಗಳು, 1937ರಲ್ಲಿ ಲೂಥರ್ ಗುಲಿಕ್ ಕೊಟ್ಟ ‘ಪೋಸ್ಡ್‌ಕಾರ್ಬ್’ ಸೂತ್ರದ ಏಳು ಕೆಲಸಗಳು. ಬಳಿಕ ಡೆಲಿಗೇಷನ್‌ನ ವ್ಯಾಖ್ಯೆ, ವಿಧಗಳು, ಅನುಕೂಲ, ಅನನುಕೂಲ. ಕೊನೆಯಲ್ಲಿ ಕೇಳಿದ ಐದೂ ಪ್ರಶ್ನೆಗಳಿಗೆ ಸರಿಯಾದ ಉತ್ತರ ಬಂತು. ಗಂಟೆ ಹೊಡೆಯುವುದಕ್ಕೆ ಎರಡು ನಿಮಿಷ ಇರುವಾಗಲೇ ಪಾಠ ಮುಗಿದಿತ್ತು. ಬಹಳ ಖುಷಿಯಾಗಿ ವೀಕ್ಷಣಾ ಪುಸ್ತಕ ತೆಗೆದು ನೋಡಿದೆ.

ನನ್ನ ಮಾರ್ಗದರ್ಶಕಿ ಮೇಡಂ ಬರೆದದ್ದು ಮೂರೇ ಸಾಲು. ವಿದ್ಯಾರ್ಥಿನಿಯರು ಡೆಲಿಗೇಷನ್ ಎಂದರೇನೆಂದು ಹೇಳಬಲ್ಲರು, ಮಾಡಬಲ್ಲರೇ? 45 ನಿಮಿಷದಲ್ಲಿ ಒಂದು ಕೆಲಸವನ್ನೂ ಯಾರೂ ಯಾರಿಗೂ ವಹಿಸಲಿಲ್ಲ. ಇದೇ ಪಾಠವನ್ನು ಇನ್ನೊಂದು ವಿಭಾಗಕ್ಕೆ ಮತ್ತೆ ತೆಗೆದುಕೊಳ್ಳಿ.

ನನಗೆ ಸಿಟ್ಟು ಬಂತು. ಪಠ್ಯಕ್ರಮದಲ್ಲಿ ಇರುವುದನ್ನೇ ತಾನೆ ಕಲಿಸಿದ್ದು? ಆದರೆ ಆ ದಿನ ಮಧ್ಯಾಹ್ನ ಅದೇ ಹುಡುಗಿಯರ ಜೊತೆ ವಾರ್ಡಿಗೆ ಹೋದಾಗ ಮೇಡಂ ಹೇಳಿದ್ದು ಕಣ್ಣಿಗೆ ಬಿತ್ತು. ಬೆಳಿಗ್ಗೆ ವ್ಯಾಖ್ಯೆಯನ್ನು ಒಂದು ಪದ ತಪ್ಪದೆ ಇಂಗ್ಲಿಷಿನಲ್ಲಿ ಒಪ್ಪಿಸಿದ್ದ ಹುಡುಗಿ, ಆಯಾ ಅಕ್ಕನ ಹತ್ತಿರ ಒಂದು ಮೂತ್ರದ ಮಾದರಿ ಲ್ಯಾಬಿಗೆ ಕಳಿಸಬೇಕಿತ್ತು. ಎರಡು ಸಲ ಆಕೆಯ ಹತ್ತಿರ ಹೋದಳು, ಎರಡು ಸಲವೂ ಏನೂ ಹೇಳದೆ ವಾಪಸ್ ಬಂದಳು. ಕೊನೆಗೆ ತಾನೇ ಬಾಟಲಿ ಹಿಡಿದು ಮೆಟ್ಟಿಲಿಳಿದು ಹೋದಳು. ಆ ಹತ್ತು ನಿಮಿಷ ಅವಳ ನಾಲ್ಕು ರೋಗಿಗಳನ್ನು ನೋಡುವವರು ಯಾರೂ ಇರಲಿಲ್ಲ.

ನಮ್ಮ ಪುಸ್ತಕಗಳಲ್ಲಿ ನಿರ್ವಹಣೆ ಇಂಗ್ಲಿಷಿನಲ್ಲಿದೆ. ವಾರ್ಡಿನಲ್ಲಿ ನಿರ್ವಹಣೆ ನಡೆಯುವುದು ಕನ್ನಡದಲ್ಲಿ. ಆಯಾ, ವಾರ್ಡ್ ಬಾಯ್, ರೋಗಿಯ ಮಗ, ಮೊದಲ ವರ್ಷದ ವಿದ್ಯಾರ್ಥಿನಿ ಇವರೆಲ್ಲರಿಗೂ ಕೆಲಸ ಹೇಳುವುದು ಆಡುಮಾತಿನಲ್ಲೇ. ಸರ್ಕಾರಿ ಕನ್ನಡದಲ್ಲಿ ಡೆಲಿಗೇಷನ್‌ಗೆ ‘ಪ್ರತ್ಯಾಯೋಜನೆ’ ಎನ್ನುತ್ತಾರೆ. ಆ ಪದ ಹಲಗೆಯ ಮೇಲೆ ಬರೆದಾಗ ಇಂಗ್ಲಿಷ್ ಪದಕ್ಕಿಂತ ಹೆಚ್ಚು ಗಾಬರಿ ಆ ಮುಖಗಳಲ್ಲಿ ಕಂಡಿತು. ವಾರ್ಡಿನಲ್ಲಿ ಎಲ್ಲಕ್ಕೂ ಬಳಕೆಯಾಗುವ ಮಾತು ಬೇರೆಯೇ ಇದೆ: ‘ಸ್ವಲ್ಪ ನೋಡ್ಕೋ’, ದೊಡ್ಡವರಾದರೆ ‘ಸ್ವಲ್ಪ ನೋಡ್ಕೊಳ್ಳಿ’. ಎರಡನೆಯ ಪಾಠವನ್ನು ಈ ಮಾತಿನಿಂದಲೇ ಶುರು ಮಾಡಬೇಕು ಎಂದು ನಿರ್ಧರಿಸಿದೆ. ಅದಕ್ಕೆ ನನ್ನದೇ ಒಂದು ಕಾರಣವೂ ಇತ್ತು.

ನಾನು ಕೆಲಸಕ್ಕೆ ಸೇರಿ ಎರಡನೇ ವರ್ಷ. ಮಧ್ಯಾಹ್ನ ಎರಡರಿಂದ ರಾತ್ರಿ ಎಂಟರವರೆಗಿನ ಡ್ಯೂಟಿ. ಏಳನೇ ಬೆಡ್ಡಿನಲ್ಲಿ ಕಾಲಿಗೆ ಹುಣ್ಣಾಗಿದ್ದ ಸಕ್ಕರೆ ಕಾಯಿಲೆಯ ಅಜ್ಜಿ. ಸಂಜೆ ಏಳಕ್ಕೆ ರೆಗ್ಯುಲರ್ ಇನ್ಸುಲಿನ್ ಕೊಟ್ಟೆ. ಏಳೂವರೆಗೆ ಮಗ ಊಟ ತರುತ್ತಿದ್ದ. ಅಷ್ಟರಲ್ಲಿ ಹೊಸ ಅಡ್ಮಿಷನ್ ಬಂತು, ಉಸಿರಾಟದ ತೊಂದರೆ. ಓಡುತ್ತಾ ಹೋಗುವಾಗ ಅಲ್ಲಿದ್ದ ಮೊದಲ ವರ್ಷದ ವಿದ್ಯಾರ್ಥಿನಿಗೆ ‘ಏಳನೇ ಬೆಡ್ ಅಜ್ಜೀನ ಸ್ವಲ್ಪ ನೋಡ್ಕೋ’ ಎಂದೆ. ಅವಳು ‘ಆಯ್ತು ಸಿಸ್ಟರ್’ ಎಂದಳು. ಎಂಟಕ್ಕೆ ರಾತ್ರಿಯ ಸಿಸ್ಟರ್‌ಗೆ ಓವರ್ ಕೊಡುವಾಗ ‘ಏಳನೇ ಬೆಡ್, ಇನ್ಸುಲಿನ್ ಆಯ್ತು’ ಎಂದು ಹೇಳಿ ಮುಂದಿನ ಬೆಡ್ಡಿಗೆ ಹೋದೆ. ಒಂಬತ್ತೂವರೆಗೆ ರೌಂಡ್ಸ್ ಬಂದ ಆ ಸಿಸ್ಟರ್ ನೋಡುವಾಗ ಅಜ್ಜಿಯ ಸೀರೆ ಬೆವರಿಗೆ ಒದ್ದೆ, ಮಾತು ತೊದಲು. ಗ್ಲೂಕೋಮೀಟರ್ 42 ತೋರಿಸಿತು. 25 ಪರ್ಸೆಂಟ್ ಡೆಕ್ಸ್ಟ್ರೋಸ್ ರಕ್ತನಾಳಕ್ಕೆ ಕೊಟ್ಟ ಮೇಲೆ ಅಜ್ಜಿ ಕಣ್ಣು ಬಿಟ್ಟರು. ಆ ದಿನ ಮಗ ಬಂದದ್ದೇ ತಡ. ಬಂದಾಗಲೂ ಅಜ್ಜಿ ‘ಆಮೇಲೆ ತಿಂತೀನಿ’ ಎಂದು ಮಲಗಿದ್ದರಂತೆ.

ವಿದ್ಯಾರ್ಥಿನಿ ಏನು ಮಾಡುತ್ತಿದ್ದಳು? ಅಜ್ಜಿಯನ್ನು ಚೆನ್ನಾಗಿಯೇ ನೋಡಿಕೊಂಡಿದ್ದಳು. ಹಾಸಿಗೆ ಸರಿಮಾಡಿದ್ದಳು, ಪಕ್ಕ ಹೊರಳಿಸಿದ್ದಳು, ನೀರಿನ ಲೋಟ ಕೈಗೆಟುಕುವಂತೆ ಇಟ್ಟಿದ್ದಳು, ನಿದ್ದೆ ಬಂತೆಂದು ಹೊದಿಕೆ ಹೊದಿಸಿದ್ದಳು. ನಾನು ಇನ್ಸುಲಿನ್ ಕೊಟ್ಟದ್ದು ಅವಳಿಗೆ ಗೊತ್ತಿರಲಿಲ್ಲ. ಮರುದಿನ ಬೈಗುಳ ತಿಂದದ್ದು ಅವಳು. ನಾನು ಅಲ್ಲೇ ನಿಂತಿದ್ದೆ, ಏನೂ ಹೇಳಲಿಲ್ಲ.

ಎರಡನೆಯ ಪಾಠದ ದಿನ ಚಾರ್ಟ್ ಒಯ್ಯಲಿಲ್ಲ. ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಹಲಗೆಯ ಮೇಲೆ ‘ಏಳನೇ ಬೆಡ್ ಅಜ್ಜೀನ ಸ್ವಲ್ಪ ನೋಡ್ಕೋ’ ಎಂದು ಬರೆದೆ. ಮುಂದಿನ ಒಂದು ಗಂಟೆಯಲ್ಲಿ ನೀವು ಏನೇನು ಮಾಡುತ್ತೀರಿ, ಎರಡು ನಿಮಿಷದಲ್ಲಿ ಬರೆಯಿರಿ, ಪಕ್ಕದವರದು ನೋಡಬೇಡಿ ಎಂದೆ. ಚೀಟಿಗಳನ್ನು ಒಟ್ಟುಮಾಡಿ ಗಟ್ಟಿಯಾಗಿ ಓದಿದಾಗ ತರಗತಿ ನಗಲಾರಂಭಿಸಿತು. ಬಿಪಿ ನೋಡುತ್ತೇನೆ ಎಂದವರು ಹಲವರು. ಬೀಳದಂತೆ ಸೈಡ್ ರೇಲ್ ಹಾಕುತ್ತೇನೆ, ಡ್ರಿಪ್ ಮುಗಿಯಿತಾ ನೋಡುತ್ತೇನೆ, ಶೌಚಕ್ಕೆ ಕರೆದೊಯ್ಯುತ್ತೇನೆ, ಮಾತಾಡಿಸುತ್ತೇನೆ ಎಂದೆಲ್ಲ ಬಂತು. ಒಬ್ಬಳು ‘ಅಜ್ಜಿ ಬದುಕಿದ್ದಾರಾ ನೋಡ್ತೀನಿ’ ಎಂದು ಬರೆದಿದ್ದಳು. ಎಲ್ಲ ಕೆಲಸಗಳೂ ಒಳ್ಳೆಯವೇ. ಊಟದ ಸುದ್ದಿ ಒಂದು ಚೀಟಿಯಲ್ಲೂ ಇರಲಿಲ್ಲ.

ಆಮೇಲೆ ಘಟನೆ ಹೇಳಿದೆ, ‘ಒಬ್ಬ ನರ್ಸ್’ ಎಂದು. ತಪ್ಪು ಯಾರದು ಎಂದು ಕೇಳಿದಾಗ ನಾನು ಊಹಿಸದ ಉತ್ತರ ಬಂತು. ಹೆಚ್ಚಿನವರು ‘ಆ ಸ್ಟೂಡೆಂಟ್ ಬಂದು ಹೇಳಬೇಕಿತ್ತು ಮೇಡಂ’ ಎಂದರು. ಅವರೇ ವಿದ್ಯಾರ್ಥಿನಿಯರು, ಆದರೂ ತೀರ್ಪು ಕೊಟ್ಟದ್ದು ಇನ್‌ಚಾರ್ಜ್ ಸಿಸ್ಟರ್‌ ಹಾಗೆ. ಮೂರು ವರ್ಷದಲ್ಲಿ ಅವರು ಕಲಿತದ್ದು ಇದೂ ಇದೆಯಲ್ಲ ಎನಿಸಿ ಬೇಸರವಾಯಿತು. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, ‘ಏನು ಹೇಳಬೇಕು ಅಂತ ಅವಳಿಗೆ ಗೊತ್ತಿತ್ತಾ ಮೇಡಂ? ಇನ್ಸುಲಿನ್ ವಿಷಯ ಅವಳಿಗೆ ಹೇಳಿದ್ರಾ?’ ಎಂದು ಕೇಳಿದಳು. ‘ಹೇಳಿರಲಿಲ್ಲ. ಆ ನರ್ಸ್ ನಾನೇ’ ಎಂದೆ. ತರಗತಿ ನಿಶ್ಶಬ್ದವಾಯಿತು.

ಈ ಜಾಗದಿಂದ ಮೂರು ಪದಗಳಿಗೆ ಹೋಗುವುದು ಸುಲಭವಾಯಿತು. ಹಿಂದಿನ ಪಾಠದಲ್ಲಿ ಅವನ್ನು ಬರೀ ವ್ಯಾಖ್ಯೆಯಾಗಿ ಬರೆಸಿದ್ದೆ. ಜವಾಬ್ದಾರಿ ಎಂದರೆ ಮಾಡಬೇಕಾದ ಕೆಲಸ. ಅಧಿಕಾರ ಎಂದರೆ ಅದನ್ನು ಮಾಡಲು ಬೇಕಾದ ಹಕ್ಕು ಮತ್ತು ಮಾಹಿತಿ. ಉತ್ತರದಾಯಿತ್ವ ಎಂದರೆ ನಾಳೆ ‘ಯಾಕೆ ಹೀಗಾಯ್ತು’ ಎಂದು ಕೇಳಿದಾಗ ಎದ್ದು ನಿಲ್ಲುವವರು ಯಾರು ಎಂಬುದು. ಮೊದಲ ಎರಡನ್ನು ಇನ್ನೊಬ್ಬರಿಗೆ ಕೊಡಬಹುದು, ಮೂರನೆಯದರಿಂದ ಕೊಟ್ಟವಳು ಕಳಚಿಕೊಳ್ಳುವಂತಿಲ್ಲ. ನಾನು ಮಾಡಿದ್ದು ಇದರ ಉಲ್ಟಾ. ಜವಾಬ್ದಾರಿಯನ್ನು ಅರೆಬರೆ ಕೊಟ್ಟೆ, ಮಾಹಿತಿ ಕೊಡಲೇ ಇಲ್ಲ, ಉತ್ತರ ಹೇಳುವುದನ್ನು ಪೂರ್ತಿ ಅವಳ ತಲೆಗೆ ಕಟ್ಟಿದೆ. ಇದನ್ನು ನಾನು ಹೇಳಿಕೊಡಲಿಲ್ಲ. ಹಲಗೆಯ ಮೇಲೆ ಮೂರು ಅಂಕಣ ಎಳೆದು ಕೇಳಿದಾಗ ಅವರೇ ತುಂಬಿದರು.

ಅಮೆರಿಕದ ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಪರಿಷತ್ತು ಕೆಲಸ ವಹಿಸುವುದಕ್ಕೆ ‘ಐದು ಸರಿ’ಗಳನ್ನು ಹೇಳುತ್ತದೆ. ನಮ್ಮ ಪುಸ್ತಕಗಳಲ್ಲೂ ಇವು ಬಂದಿವೆ. ಔಷಧ ಕೊಡುವಾಗಿನ ‘ಸರಿ’ಗಳನ್ನು ವಿದ್ಯಾರ್ಥಿನಿಯರು ಮೊದಲ ವರ್ಷದಿಂದಲೇ ಜಪಿಸುತ್ತಾರೆ, ಆದ್ದರಿಂದ ಈ ದಾರಿ ಅವರಿಗೆ ಪರಿಚಿತ. ನಾನು ಅವನ್ನು ಪ್ರಶ್ನೆ ಮಾಡಿದೆ. ಈ ಕೆಲಸ ಇನ್ನೊಬ್ಬರಿಗೆ ಕೊಡಬಹುದಾದದ್ದೇ? ರೋಗಿಯ ಈಗಿನ ಸ್ಥಿತಿಯಲ್ಲಿ ಕೊಡಬಹುದೇ? ಈ ಮನುಷ್ಯರಿಗೆ ಕೊಡಬಹುದೇ? ಯಾವ ಮಾತಿನಲ್ಲಿ ಹೇಳುತ್ತೀರಿ? ಯಾವಾಗ ತಿರುಗಿ ಹೋಗಿ ನೋಡುತ್ತೀರಿ? ಮೊದಲ ಮೂರಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ತೂಕ ನೋಡುವುದು, ಮೂತ್ರ ಅಳೆಯುವುದು, ಊಟ ಮಾಡಿಸುವುದನ್ನು ಸಹಾಯಕರಿಗೆ ಕೊಡಬಹುದು. ರೋಗಿಯ ಸ್ಥಿತಿಯನ್ನು ಅಂದಾಜಿಸುವುದು, ಇನ್ಸುಲಿನ್ ಕೊಡುವುದು ನರ್ಸಿನ ಕೈಯಲ್ಲೇ ಇರಬೇಕು ಎಂದು ಅವರೇ ಹೇಳಿದರು. ಸದಾ ಊಟ ಮಾಡಿಸುವ ಆಯಾ ಅಕ್ಕನಿಗೂ, ಪಾರ್ಶ್ವವಾಯು ಹೊಡೆದು ನುಂಗಲಾರದ ರೋಗಿಗೆ ಊಟ ಮಾಡಿಸಲು ಹೇಳಬಾರದು ಎಂಬುದನ್ನೂ ಒಬ್ಬಳು ಸೇರಿಸಿದಳು. ಅದು ಎರಡನೆಯ ಪ್ರಶ್ನೆಗೆ ನಾನು ಯೋಜನೆಯಲ್ಲಿ ಬರೆದುಕೊಂಡಿದ್ದ ಉದಾಹರಣೆಗಿಂತ ಚೆನ್ನಾಗಿತ್ತು.

ಪಾಠ ನಿಂತದ್ದು ನಾಲ್ಕನೆಯದರಲ್ಲಿ. ಇಬ್ಬರನ್ನು ಕರೆದು ಪಾತ್ರಾಭಿನಯ ಮಾಡಿಸಿದೆ. ಒಬ್ಬಳು ಹೊಸ ನರ್ಸ್, ಇನ್ನೊಬ್ಬಳು ಇಪ್ಪತ್ತೈದು ವರ್ಷ ಸರ್ವೀಸ್ ಆದ ಆಯಾ. ಆಯಾ ಆದವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಾಗೇ ಒಂದು ನೋಟ ನೋಡಿದಳು, ನರ್ಸ್ ಆದವಳಿಗೆ ಮಾತೇ ಹೊರಡಲಿಲ್ಲ. ‘ಮೇಡಂ, ಇವರು ನಮ್ಮಮ್ಮನ ವಯಸ್ಸಿನವರು. ಇಷ್ಟು ಗಂಟೆಗೆ ಇದು ಮಾಡಿ, ಬಂದು ಹೇಳಿ ಅಂದರೆ ಅಹಂಕಾರ ಅಂದ್ಕೋತಾರೆ’ ಎಂದಳು. ಇಡೀ ತರಗತಿ ಹೌದೆಂದಿತು.

ಇದು ಯಾವ ಪುಸ್ತಕದಲ್ಲೂ ನನಗೆ ಸಿಕ್ಕದ ತೊಡಕು, ಆದರೆ ನಮ್ಮ ವಾರ್ಡುಗಳಲ್ಲಿ ದಿನವೂ ಇರುವಂಥದ್ದು. ‘ಸ್ವಲ್ಪ ನೋಡ್ಕೊಳ್ಳಿ’ ಎಂಬ ಮಾತು ಹುಟ್ಟುವುದೇ ಇಲ್ಲಿ. ಸ್ಪಷ್ಟವಾಗಿ ಹೇಳಿದರೆ ಒರಟಾಗುತ್ತದೆ ಎಂಬ ಹೆದರಿಕೆಗೆ ‘ಸ್ವಲ್ಪ’ ಸೇರಿಸಿ ಮೆತ್ತಗೆ ಮಾಡುತ್ತೇವೆ, ಮೆತ್ತಗಾಗುವಾಗ ಅರ್ಥ ಕರಗಿಹೋಗುತ್ತದೆ. ಗೌರವವನ್ನು ಬಿಡದೆ ಅಸ್ಪಷ್ಟತೆಯನ್ನು ಬಿಡಲು ಆಗುತ್ತದೆಯೇ ಎಂದು ಜೋಡಿಗಳಲ್ಲಿ ಪ್ರಯತ್ನಿಸಲು ಹೇಳಿದೆ. ಹಲವು ಸಲ ತಿದ್ದಿದ ಮೇಲೆ ಒಂದು ಜೋಡಿ ಹೀಗೆ ಹೇಳಿತು: ‘ಅಕ್ಕಾ, ಏಳನೇ ಬೆಡ್ ಅಜ್ಜಿಗೆ ಈಗಷ್ಟೇ ಇನ್ಸುಲಿನ್ ಕೊಟ್ಟಿದೀನಿ. ಅರ್ಧ ಗಂಟೆಯಲ್ಲಿ ಅವರು ಊಟ ಮಾಡಲೇಬೇಕು, ಇಲ್ಲಾಂದ್ರೆ ತಲೆ ಸುತ್ತಿ ಬೀಳ್ತಾರೆ. ಏಳೂವರೆಗೆ ತಿಂದ್ರಾ ಇಲ್ವಾ ಅಂತ ನೋಡಿ, ಎರಡರಲ್ಲಿ ಯಾವುದಾದ್ರೂ ನಂಗೆ ಬಂದು ಹೇಳ್ತೀರಾ? ನಾನು ಹದಿನೆರಡನೇ ಬೆಡ್ ಹತ್ರ ಇರ್ತೀನಿ.’ ಆಯಾ ಪಾತ್ರದವಳು ತಾನಾಗಿಯೇ ‘ಏಳೂವರೆಗೆ ನೋಡಿ ಹೇಳ್ಬೇಕು, ತಿಂದ್ರೂ ಹೇಳ್ಬೇಕು, ತಿನ್ನದಿದ್ರೂ ಹೇಳ್ಬೇಕು’ ಎಂದು ತಿರುಗಿ ಹೇಳಿದಳು. ಹೇಳಿದ್ದನ್ನು ಕೇಳಿದವರ ಬಾಯಿಂದ ಮತ್ತೆ ಕೇಳಿಸಿಕೊಳ್ಳುವ ಕ್ರಮ ಆಪರೇಷನ್ ಥಿಯೇಟರಿನಲ್ಲಿ ಹಿಂದಿನಿಂದ ಇದೆ. ವಾರ್ಡಿಗೆ ಅದನ್ನು ತಂದರೆ ಯಾರಿಗೂ ಅವಮಾನವಿಲ್ಲ ಎಂಬುದು ಆ ಆಟದಲ್ಲಿ ಕಂಡಿತು. ‘ಅಕ್ಕಾ’ ಹಾಗೇ ಉಳಿದಿತ್ತು. ಕಾರಣವನ್ನು ಹೇಳಿದ್ದರಿಂದ ಮಾತು ಆಜ್ಞೆಯಂತೆ ಕೇಳಲಿಲ್ಲ.

ಐದನೆಯ ಪ್ರಶ್ನೆಗೆ ಬರುವಾಗ ಫ್ಲಾರೆನ್ಸ್ ನೈಟಿಂಗೇಲ್ ಬಗ್ಗೆ ಎರಡು ಮಾತು ಹೇಳಿದೆ. ನಮ್ಮ ಹುಡುಗಿಯರಿಗೆ ಅವರು ಗೊತ್ತಿರುವುದು ಪ್ರತಿಜ್ಞಾವಿಧಿಯ ದಿನ ಹಚ್ಚುವ ದೀಪದಿಂದ. 1854ರ ನವೆಂಬರಿನಲ್ಲಿ 38 ಮಂದಿ ನರ್ಸುಗಳನ್ನು ಕರೆದುಕೊಂಡು ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೋದ ಹೆಂಗಸು, 1859ರಲ್ಲಿ ಬರೆದ ‘ನೋಟ್ಸ್ ಆನ್ ನರ್ಸಿಂಗ್’ ಪುಸ್ತಕದಲ್ಲಿ ಗಾಳಿ ಮತ್ತು ಮನೆಯ ಶುಚಿತ್ವದ ಅಧ್ಯಾಯಗಳಾದ ಕೂಡಲೇ ಸಣ್ಣಪುಟ್ಟ ನಿರ್ವಹಣೆಯ ಬಗ್ಗೆ ಒಂದು ಪೂರ್ತಿ ಅಧ್ಯಾಯ ಇಟ್ಟಿದ್ದಾರೆ. ಶುಶ್ರೂಷೆ ಮಾಡುವವಳು ಸದಾ ಹಾಸಿಗೆಯ ಪಕ್ಕ ಇರಲಾರಳು, ಅವಳ ಗೈರಿನಲ್ಲಿ ಏನು ನಡೆಯಬೇಕೆಂದು ಮೊದಲೇ ಏರ್ಪಾಡು ಮಾಡದಿದ್ದರೆ ಅವಳು ಇದ್ದಾಗ ಮಾಡಿದ್ದೂ ಹಾಳಾಗುತ್ತದೆ ಎಂಬುದು ಅದರ ವಿಚಾರ. ನನ್ನ ಏಳನೇ ಬೆಡ್ಡಿಗೆ ಇದು ನೇರವಾಗಿ ತಾಗುತ್ತದೆ. ನಾನು ತಿರುಗಿ ಹೋಗಿ ನೋಡಲಾಗದಿದ್ದರೂ, ಓವರ್ ಕೊಡುವಾಗ ‘ಏಳಕ್ಕೆ ಇನ್ಸುಲಿನ್ ಕೊಟ್ಟಿದೆ, ಊಟ ಆಯಿತೋ ಇಲ್ಲವೋ ನನಗೆ ಗೊತ್ತಿಲ್ಲ, ಮೊದಲು ಅದನ್ನು ನೋಡಿ’ ಎಂದಿದ್ದರೆ ಸಾಕಿತ್ತು. ಸ್ಥಿತಿ, ಹಿನ್ನೆಲೆ, ಅಂದಾಜು, ಸಲಹೆ ಎಂಬ ನಾಲ್ಕು ಮೆಟ್ಟಿಲಲ್ಲಿ ಹೇಳುವ ‘ಎಸ್‌ಬಾರ್’ ಕ್ರಮ ಅಮೆರಿಕದ ಅಣುಚಾಲಿತ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದದ್ದು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ರೋಗಿ ಸುರಕ್ಷತಾ ಸಲಹೆಗಳಲ್ಲೂ ಓವರ್ ಕೊಡುವ ವಿಷಯಕ್ಕೆ ಜಾಗ ಸಿಕ್ಕಿತು. ಅದನ್ನು ಈ ಪಾಠದಲ್ಲಿ ಹೆಸರಷ್ಟೇ ಹೇಳಿ ಬಿಟ್ಟೆ. ಅದಕ್ಕೆ ಬೇರೆಯೇ ಅವಧಿ ಬೇಕು.

ಕೊನೆಯ ಹತ್ತು ನಿಮಿಷ ನನ್ನ ಯೋಜನೆ ಕೈ ತಪ್ಪಿತು. ಮುಂದಿನ ಬೆಂಚಿನ ಹುಡುಗಿ ಕೇಳಿದಳು: ‘ಮೇಡಂ, ವಹಿಸೋಕೆ ಜನವೇ ಇಲ್ಲದಿದ್ರೆ? ನೈಟ್ ಡ್ಯೂಟಿಯಲ್ಲಿ ಒಬ್ಬರೇ ಸಿಸ್ಟರ್ ಇರ್ತಾರೆ. ಆಯಾನೂ ಎರಡು ವಾರ್ಡಿಗೆ ಒಬ್ಬರೇ.’ ‘ಅದು ಬೇರೆ ವಿಷಯ’ ಎಂದು ಬಾಯಿ ತುದಿಗೆ ಬಂದದ್ದನ್ನು ತಡೆದುಕೊಂಡೆ. ಅದು ಬೇರೆ ವಿಷಯ ಅಲ್ಲ. ಹಲಗೆ ಒರೆಸಿ ಲೆಕ್ಕ ಮಾಡಿದೆವು. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ಮೂರು ಹಾಸಿಗೆಗೆ ಒಬ್ಬ ನರ್ಸ್, ಅಂದರೆ ಪ್ರತಿ ಪಾಳಿಯಲ್ಲಿ ಒಂಬತ್ತು ಹಾಸಿಗೆಗೆ ಒಬ್ಬರು. ಅದರ ಮೇಲೆ ರಜೆಗೆಂದು ನೂರಕ್ಕೆ 30 ಹೆಚ್ಚುವರಿ. 30 ಹಾಸಿಗೆಗೆ 10, ರಜೆಯ ಮೀಸಲು 3, ಒಟ್ಟು 13. ಆಮೇಲೆ ಅವರು ಆ ವಾರ ಕೆಲಸ ಮಾಡುತ್ತಿದ್ದ ವಾರ್ಡಿನ ಡ್ಯೂಟಿ ರೋಸ್ಟರ್ ನೆನಪಿನಿಂದ ಬರೆಸಿದೆ. ಎರಡು ಸಂಖ್ಯೆಗಳು ಅಕ್ಕಪಕ್ಕ ನಿಂತಾಗ ನಾನು ವ್ಯಾಖ್ಯಾನ ಮಾಡುವ ಅಗತ್ಯವಿರಲಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಜನ ಕಡಿಮೆ ಎಂಬುದು ನನ್ನ ಏಳನೇ ಬೆಡ್ಡಿನ ತಪ್ಪಿಗೆ ನೆಪ ಆಗಬಾರದು. ಆ ದಿನ ನನಗೆ ಬೇಕಾಗಿದ್ದದ್ದು ಇನ್ನೊಂದು ವಾಕ್ಯ, ಇನ್ನೊಬ್ಬ ನರ್ಸ್ ಅಲ್ಲ. ಹಾಗೆಯೇ ‘ಚೆನ್ನಾಗಿ ಮ್ಯಾನೇಜ್ ಮಾಡಿ’ ಎಂಬ ಮಾತಿನಿಂದ 13 ಜನರ ಕೆಲಸವನ್ನು ಐವರ ಮೇಲೆ ಹಾಕುವುದನ್ನೂ ಈ ಪಾಠ ಸಮರ್ಥಿಸಬಾರದು. ಇನ್‌ಚಾರ್ಜ್ ಆದವಳ ಕೆಲಸದಲ್ಲಿ ಮೇಲಿನವರಿಗೆ ಬರೆದು ತಿಳಿಸುವುದೂ ಸೇರಿದೆ: ಇಂಥ ದಿನ, ಇಷ್ಟು ರೋಗಿಗಳು, ಇಷ್ಟೇ ಸಿಬ್ಬಂದಿ, ಈ ಕೆಲಸಗಳು ಉಳಿದವು ಎಂದು. ಬಾಯಲ್ಲಿ ಗೊಣಗಿದ್ದು ಉಳಿಯುವುದಿಲ್ಲ, ರಿಪೋರ್ಟ್ ಬುಕ್ಕಿನಲ್ಲಿ ಬರೆದದ್ದು ಉಳಿಯುತ್ತದೆ. ಇಷ್ಟು ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು. ಮೌಲ್ಯಮಾಪನದ ಪ್ರಶ್ನೆಗಳು ನನ್ನ ಹಾಳೆಯಲ್ಲೇ ಉಳಿದವು. ಗಡಿಬಿಡಿಯಲ್ಲಿ ಹೊರಡುತ್ತಾ ತರಗತಿಯ ನಾಯಕಿಗೆ ‘ಚೀಟಿಗಳನ್ನೆಲ್ಲ ಸ್ವಲ್ಪ ನೋಡ್ಕೋಮ್ಮ’ ಎಂದುಬಿಟ್ಟೆ. ಅವರು ನಕ್ಕ ಸದ್ದು ಪಡಸಾಲೆಯವರೆಗೂ ಕೇಳಿತು.

ಮೇಡಂ ಈ ಸಲ ಒಂದು ಪುಟ ಬರೆದಿದ್ದರು. ಚೀಟಿಯ ಚಟುವಟಿಕೆ ಮತ್ತು ಪಾತ್ರಾಭಿನಯ ಚೆನ್ನಾಗಿತ್ತು. ನನ್ನ ಕಥೆ ಎಂಟು ನಿಮಿಷ ತೆಗೆದುಕೊಂಡಿತು, ನಾಲ್ಕರಲ್ಲಿ ಮುಗಿಯಬೇಕು. ಶಿಕ್ಷಕಿ ತನ್ನ ತಪ್ಪು ಹೇಳಿಕೊಂಡಾಗ ತರಗತಿಯ ಗಮನ ತಪ್ಪಿನಿಂದ ಶಿಕ್ಷಕಿಯ ಕಡೆ ಹೊರಳುವ ಅಪಾಯವಿದೆ, ಆ ನಿಶ್ಶಬ್ದವನ್ನು ನಾನು ಬೇಗ ಮುರಿಯಬೇಕಿತ್ತು. ಮೌಲ್ಯಮಾಪನ ಇಲ್ಲದ ಪಾಠ ಅಪೂರ್ಣ. ಮೂರನ್ನೂ ಒಪ್ಪುತ್ತೇನೆ. ಇದೇ ಪಾಠ ತೆಗೆದುಕೊಳ್ಳುವವರಿಗೆ ನನ್ನ ಸಲಹೆ ಏನೆಂದರೆ, ಫೇಯೋಲ್ ಮತ್ತು ಗುಲಿಕ್ ಅವರನ್ನು ಹಿಂದಿನ ದಿನ ಓದಿಕೊಂಡು ಬರಲು ಬಿಡಿ, ಸಿಬ್ಬಂದಿ ಲೆಕ್ಕಕ್ಕೆ ಕಡೇಪಕ್ಷ ಹದಿನೈದು ನಿಮಿಷ ಮೀಸಲಿಡಿ, ಮೌಲ್ಯಮಾಪನವನ್ನು ತರಗತಿಯಿಂದ ವಾರ್ಡಿಗೆ ಸಾಗಿಸಿ. ನಾನು ಕೊನೆಗೆ ಮಾಡಿದ್ದು ಅದನ್ನೇ. ಮುಂದಿನ ವಾರದ ಪೋಸ್ಟಿಂಗ್‌ನಲ್ಲಿ ಪ್ರತಿಯೊಬ್ಬರೂ ಯಾರಿಗಾದರೂ ಒಂದು ಕೆಲಸ ವಹಿಸಬೇಕು, ಆಡಿದ ಮಾತನ್ನು ಹಾಗೇ ಬರೆದು ತರಬೇಕು, ಏನಾಯಿತು ಎಂಬುದನ್ನೂ ಬರೆಯಬೇಕು ಎಂದೆ.

ಬಂದ ಬರಹಗಳಲ್ಲಿ ಅರ್ಧದಷ್ಟರಲ್ಲಿ ‘ಸ್ವಲ್ಪ’ ಇನ್ನೂ ಇತ್ತು. ಕೆಲವರು ಕಾರಣ ಹೇಳಿ ಸಮಯ ಹೇಳಲು ಮರೆತಿದ್ದರು. ಅಂದು ಮೂತ್ರದ ಬಾಟಲಿ ಹಿಡಿದು ತಾನೇ ಮೆಟ್ಟಿಲಿಳಿದಿದ್ದ ಮೊದಲ ವಿಭಾಗದ ಹುಡುಗಿಗೂ ಇದೇ ಕೆಲಸ ಕೊಟ್ಟಿದ್ದೆ. ಅವಳು ನಾಲ್ಕೇ ಸಾಲು ಬರೆದಿದ್ದಳು. ಅದೇ ಆಯಾ ಅಕ್ಕನಿಗೆ ಒಬ್ಬ ರೋಗಿ ಎಷ್ಟು ನೀರು ಕುಡಿದರು ಎಂದು ಸಂಜೆ ಆರಕ್ಕೆ ಹೇಳಲು ಕೇಳಿದ್ದಳಂತೆ. ಆರಕ್ಕೆ ಅಕ್ಕ ತಾವೇ ಬಂದು, ಎರಡು ಲೋಟ ನೀರು, ಅರ್ಧ ಲೋಟ ಗಂಜಿ, ಆದರೆ ಗಂಜಿ ಕುಡಿದ ಮೇಲೆ ವಾಂತಿಯಾಯಿತು ಎಂದರಂತೆ. ವಾಂತಿಯ ವಿಷಯ ಅವಳು ಕೇಳಿರಲಿಲ್ಲ.